ಮಂಡಕ್ಕಿ ಭಟ್ಟಿಯವರ ಭುಜ

ದಾವಣಗೆರೆಯಲ್ಲಿ ಭುಜನೋವು ಅಂತ ಬಂದವರನ್ನು ನಾನು ಮೊದಲು ಕೇಳುವುದು, "ಭಟ್ಟಿ ಕೆಲಸವಾ?" ಎಂದು. ಈ ರೋಗಿಯೂ ಮಂಡಕ್ಕಿ ಭಟ್ಟಿಯವರೇ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೀಲು ಬಿಗಿದಿದೆ ಅಷ್ಟೇ ಅಂದುಕೊಂಡು ಎರಡು ತಿಂಗಳು ಸುಮ್ನೆ ವ್ಯಾಯಾಮ ಮಾಡಿಸಿದೆ. ತಪ್ಪು ನನ್ನದೇ. ಒಂದು ದಿನ ಅವರ ಹೆಂಡತಿ ಹಳೇ ಮಾತ್ರೆ ಚೀಟಿಗಳ ಕಟ್ಟು ತಂದು ಮೇಜಿನ ಮೇಲಿಟ್ಟರು. ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದ್ದರು!

ಸ್ಟೀರಾಯ್ಡ್‌ನಿಂದ ಮೂಳೆಗೆ ರಕ್ತ ಸಿಗದೆ ಹೋಗುವುದುಂಟು, ಅದಕ್ಕೇ ಎಂಆರ್‌ಐ ಮಾಡಿಸಿದೆವು. ತೋಳಿನ ಮೂಳೆಯ ಮೇಲ್ತುದಿಯ ಗುಂಡಿನೊಳಗೆ ರಕ್ತ ಸಿಗದೆ ಒಂದು ಭಾಗ ಸತ್ತಿತ್ತು. ಹೊಸ ಎಕ್ಸ್‌ರೇಯಲ್ಲೂ ಅಲ್ಲಿ ಬಿಳಿ ಮಚ್ಚೆ. ಕ್ರೂಸ್ ಎಂಬ ವೈದ್ಯರು ಈ ರೋಗಕ್ಕೆ ಹೇಳಿದ ಐದು ಹಂತಗಳಲ್ಲಿ ಎರಡನೆಯದು. ಗುಂಡು ಇನ್ನೂ ದುಂಡಗಿತ್ತು, ಅದೇ ಪುಣ್ಯ. ಇದಕ್ಕೆ ಮೂಳೆಗೆ ತೂತು ಹೊಡೆಯುವ ಚಿಕಿತ್ಸೆ ಇದೆ, ಆದರೆ ಗುಂಡು ಕುಸಿದ ಮೇಲೆ ಹೊಡೆದು ಹೆಚ್ಚು ಲಾಭವಿಲ್ಲ. ಆಮೇಲೆ ಕೀಲು ಬದಲಿಸುವ ಮಾತೇ ಬರುತ್ತದೆ.

ಮೂಳೆಯೊಳಗೆ ಒತ್ತಡ ಏರಿ ರಕ್ತ ಹರಿಯುವುದು ಕಡಿಮೆಯಾಗಿರುತ್ತದೆ. ಸಣ್ಣ ತೂತು ಕೊರೆದರೆ ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಹೇಳುವುದು ಸುಲಭ. ನನಗೆ ಭಯ ಇದ್ದದ್ದು ಭುಜದ ಸ್ನಾಯುವಿಗೆ ಹೋಗುವ ನರದ ಬಗ್ಗೆ. ಭುಜದ ತುದಿ ಮೂಳೆಯಿಂದ ಸುಮಾರು 5 ಸೆಂ.ಮೀ. ಕೆಳಗೆ ಅದು ಅಡ್ಡಲಾಗಿ ಹಾಯುತ್ತದೆ. ಅದಕ್ಕೇ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯದೆ ನಾನು ಚಾಕು ಮುಟ್ಟುವುದಿಲ್ಲ.

ರೋಗಿಯನ್ನು ಕುರ್ಚಿಯಲ್ಲಿ ಒರಗಿದಂತೆ ಕೂರಿಸಿ, ಬೆರಳುಗುರಿನಷ್ಟು ಗಾಯ ಮಾಡಿ, ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರ) ನೋಡುತ್ತಾ ಡ್ರಿಲ್‌ಗೆ ದಾರಿ ತೋರುವ ತಂತಿ ಬಿಟ್ಟೆ. ಮೊದಲು ಮೆತ್ತಗೆ ಹೋಗುತ್ತದೆ. ಸತ್ತ ಜಾಗದ ಅಂಚು ಸಿಕ್ಕಾಗ ಕೈಗೆ ಗೊತ್ತಾಗುತ್ತದೆ, ಒಣ ಗರಟೆ ಕೊರೆದ ಹಾಗೆ. ಒಂದೇ ಕಡೆಯ ಚಿತ್ರ ನಂಬಬಾರದು. ಗುಂಡು ದುಂಡಗಿರುವುದರಿಂದ ತಂತಿ ಕೀಲಿನೊಳಗೆ ಹೊರಬಂದಿದ್ದರೂ ಒಳಗೇ ಇದೆ ಅನ್ನಿಸುತ್ತದೆ. ತೋಳನ್ನು ಒಳಗೂ ಹೊರಗೂ ತಿರುಗಿಸಿ ನೋಡಿದೆ. ನಿಜಕ್ಕೂ ಒಮ್ಮೆ ತಂತಿಯನ್ನು ಹಿಂದಕ್ಕೆಳೆದು ದಿಕ್ಕು ಬದಲಿಸಬೇಕಾಯಿತು. ಆಮೇಲೆ 3.2 ಮಿ.ಮೀ. ಡ್ರಿಲ್‌ನಲ್ಲಿ ಮೂರು ದಾರಿ. ಮೃದ್ವಸ್ಥಿಗೆ 5 ಮಿ.ಮೀ. ಇರುವಾಗಲೇ ನಿಲ್ಲಿಸಿದೆ. ಕೊನೆಗೆ ಕೀಲಿನೊಳಗೆ ದುರ್ಬೀನು ಹಾಕಿ ನೋಡಿದೆ. ಎಲ್ಲೂ ತೂತು ಬಿದ್ದಿರಲಿಲ್ಲ.

ಕೈಗೆ ಜೋಳಿಗೆ, ಮರುದಿನದಿಂದಲೇ ಗಡಿಯಾರದ ಲೋಲಕದಂತೆ ತೋಳು ತೂಗಾಡಿಸುವುದು. ಭಾರ ಎತ್ತಬಾರದು ಅಂದರೆ ಅವರಿಗೆ ಅದೇ ಕಷ್ಟ. ಮೂರು ತಿಂಗಳಿಗೆ ರಾತ್ರಿ ನೋವು ಹೋಗಿತ್ತು.

ಇಂಥವರಿಗೆ ಈ ರೋಗ ಎಷ್ಟೋ ಸಲ ಒಂದೇ ಕೀಲಿಗೆ ನಿಲ್ಲುವುದಿಲ್ಲ ಅಂತ ಸೊಂಟ, ಇನ್ನೊಂದು ಭುಜ ಎಲ್ಲವನ್ನೂ ಎಂಆರ್‌ಐಯಲ್ಲಿ ನೋಡಿಸಿದ್ದೆ. ಸೊಂಟ ಚೆನ್ನಾಗಿದೆ. ಎಡ ಭುಜದಲ್ಲಿ ಸಣ್ಣ ಮಚ್ಚೆ, ನೋವಿಲ್ಲ.

"ಅದಕ್ಕೂ ತೂತು ಹೊಡೀತೀರೇನ್ರೀ ಸರ್?"

"ಸದ್ಯಕ್ಕೆ ಬೇಡಪ್ಪಾ. ಆರು ತಿಂಗಳಿಗೆ ಇನ್ನೊಮ್ಮೆ ಫೋಟೋ ತೆಗೆಯೋಣ."

"ಹಂಗಾರೆ ಅಲ್ಲೀತನಕ ಎಡಗೈಲಿ ಜರಡಿ ಹಿಡೀತೀನಿ ಬಿಡ್ರಿ," ಅಂದರು. ಹೆಂಡತಿ ನನ್ನ ಮುಖ ನೋಡಿದರು.