ಹಿಮದೂರಿನಲ್ಲಿ ಹಳೆ ಉಣ್ಣೆ ಕೋಟು ಆರಿಸುವುದು ಹೇಗೆ?

ಷಿಕಾಗೊ, ಮಿನಿಯಾಪೊಲಿಸ್, ಟೊರಾಂಟೊ ಕಡೆ ಓದಲು ಹೊರಡುವವರ ಸೂಟ್‌ಕೇಸಿನಲ್ಲಿ ಬೆಂಗಳೂರಿನಲ್ಲೇ ಕೊಂಡ ದಪ್ಪ ಜಾಕೆಟ್ಟೊಂದು ಇದ್ದೇ ಇರುತ್ತದೆ. ನವೆಂಬರ್ ಕಳೆಯುವಷ್ಟರಲ್ಲಿ ಅದರ ಕೈಲಾಗದು ಎಂದು ಗೊತ್ತಾಗಿ ಥ್ರಿಫ್ಟ್ ಸ್ಟೋರ್ ನೆನಪಾಗುತ್ತದೆ. ಗುಡ್‌ವಿಲ್, ಸಾಲ್ವೇಷನ್ ಆರ್ಮಿ, ವ್ಯಾಲ್ಯೂ ವಿಲೇಜ್‌ನಂಥ ಈ ಅಂಗಡಿಗಳಲ್ಲಿ ಜನ ಕೊಟ್ಟುಹೋದ ಹಳೆ ಬಟ್ಟೆಗಳ ನಡುವೆ 1960ರಿಂದ 80ರ ದಶಕದವರೆಗಿನ ಅಪ್ಪಟ ಉಣ್ಣೆಯ ಕೋಟುಗಳು ಈಗಲೂ ಸಿಗುತ್ತವೆ. ತಪ್ಪಾಗುವುದು ಆರಿಸುವಾಗ. ಕನ್ನಡಿ ಮುಂದೆ ನಿಂತು ಬಣ್ಣಕ್ಕೆ ಮರುಳಾಗಿ ಕೊಂಡವರು ಮೊದಲ ಹಿಮಗಾಳಿಗೇ ನಡುಗುತ್ತಾರೆ.

ಹೊರಡುವ ಮುನ್ನ

ಚಳಿಗಾಲದಲ್ಲಿ ಒಳಗೆ ಹಾಕಲಿರುವ ಅತಿ ದಪ್ಪ ಸ್ವೆಟರನ್ನು ತೊಟ್ಟುಕೊಂಡೇ ಅಂಗಡಿಗೆ ಹೋಗಿ. ಜೇಬಿನಲ್ಲಿ ಟೇಪಿರಲಿ. ಸ್ವೆಟರಿನ ಮೇಲೆ ಎದೆ ಸುತ್ತಳತೆ ತೆಗೆದು, ಅದಕ್ಕೆ 10 ಸೆಂ.ಮೀ. ಸೇರಿಸಿ ಬರೆದಿಟ್ಟುಕೊಳ್ಳಿ. ಲೇಬಲ್ಲಿನ ಸೈಜನ್ನು ನಂಬುವಂತಿಲ್ಲ. 1960ರ ದಶಕದ ಮಹಿಳೆಯರ 14ನೇ ಸೈಜು ಇಂದಿನ 14ಕ್ಕಿಂತ ಎಷ್ಟೋ ಚಿಕ್ಕದು. ಗುಂಡಿ ಹಾಕಿ ಕೋಟನ್ನು ಸಪಾಟಾಗಿ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಬರೆದಿಟ್ಟ ಅಳತೆಗಿಂತ ಕಡಿಮೆ ಬಂದರೆ ಹ್ಯಾಂಗರಿಗೆ ವಾಪಸ್ ಹಾಕಿ.

ಕೋಟಿನ ಪರೀಕ್ಷೆ

ಇಲ್ಲಿ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ. ಮೊದಲು ಬಟ್ಟೆ. ಹಿಮಕ್ಕೆ ಬೇಕಾದ್ದು ಮೆಲ್ಟನ್ ಜಾತಿಯ ಉಣ್ಣೆ: ನೇಯ್ದ ಮೇಲೆ ನೀರಿನಲ್ಲಿ ತುಳಿದು ಬಡಿದು, ನೇಯ್ಗೆಯ ಎಳೆಗಳೇ ಕಾಣದಷ್ಟು ಗಟ್ಟಿ ಮಾಡಿದ್ದು. ಒತ್ತಾಗಿ ನೇಯ್ದ ನಮ್ಮ ಕುರುಬರ ಕರಿ ಕಂಬಳಿ ಮಳೆಹನಿಯನ್ನು ಹೇಗೆ ಮೇಲೆಯೇ ನಿಲ್ಲಿಸಿಕೊಳ್ಳುತ್ತದೋ, ಇದರ ಗುಣವೂ ಹಾಗೇ. ಲೈನಿಂಗ್ ಇಲ್ಲದೆ ಬಟ್ಟೆ ಒಂದೇ ಪದರವಿರುವ ಕಡೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯಿರಿ. ಬೆಳಕು ಚುಕ್ಕೆಚುಕ್ಕೆಯಾಗಿ ತೂರಿ ಬಂದರೆ ಗಾಳಿಯೂ ತೂರುತ್ತದೆ. ಆಮೇಲೆ ತೋಳನ್ನು ಮುಷ್ಟಿಯಲ್ಲಿ ಐದು ಸೆಕೆಂಡು ಹಿಸುಕಿ ಬಿಡಿ. ಒಳ್ಳೆಯ ಉಣ್ಣೆ ಸುಕ್ಕು ಬಿಡಿಸಿಕೊಂಡು ಮೇಲೇಳುತ್ತದೆ.

ಲೇಬಲ್ಲು ವಯಸ್ಸನ್ನೂ ಹೇಳುತ್ತದೆ. ಅಮೆರಿಕದಲ್ಲಿ ಒಗೆಯುವ ಸೂಚನೆ ಹೊಲಿಯುವುದು ಕಡ್ಡಾಯವಾದದ್ದು 1972ರಲ್ಲಿ. ಅದಿಲ್ಲದ ಕೋಟು, ಲೇಬಲ್ ಕಿತ್ತ ಗುರುತಿಲ್ಲದಿದ್ದರೆ, ಬಹುಶಃ ಅದಕ್ಕಿಂತ ಹಳೆಯದು. ಮಹಿಳೆಯರ ಉಡುಪು ಕಾರ್ಮಿಕರ ಸಂಘವಾದ ಐಎಲ್‌ಜಿಡಬ್ಲ್ಯುಯುನ ಕೆಂಪು-ಬಿಳಿ-ನೀಲಿ ಚೀಟಿ ಇದ್ದರೆ 1974 ಮತ್ತು 1995ರ ನಡುವಿನದು. ಉಣ್ಣೆ ಶೇ 70ಕ್ಕಿಂತ ಕಡಿಮೆ ಇದ್ದರೆ ಎಷ್ಟು ಚೆಂದವಿದ್ದರೂ ಬೇಡ.

ಮುಂದಿನದು ನುಸಿ. ಎದೆಯ ಮೇಲಿನ ತೂತು ಎಲ್ಲರಿಗೂ ಕಾಣುತ್ತದೆ, ಹುಳು ಇರುವುದು ಮಾತ್ರ ಕತ್ತಲಲ್ಲಿ. ಕಾಲರಿನ ಅಡಿ, ತೋಳಿನ ಮಡಿಕೆ, ಜೇಬಿನ ಮುಚ್ಚಳದ ಕೆಳಗೆ ಬೆರಳಾಡಿಸಿ. ಅಕ್ಕಿಕಾಳಿನಷ್ಟು ಬಿಳಿ ಗೂಡು, ಜೇಡರ ಬಲೆಯಂಥ ಎಳೆ, ಮರಳಿನಂಥ ಹಿಕ್ಕೆ ಸಿಕ್ಕರೆ ಆ ಕೋಟನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ತೂಗುತ್ತಿದ್ದದ್ದನ್ನೂ ಅನುಮಾನದಿಂದ ನೋಡಿ. ಗೂಡಿಲ್ಲದೆ ಒಂದೆರಡು ಹಳೆ ತೂತು ಮಾತ್ರ ಇದ್ದರೆ ಅದೇ ಬಣ್ಣದ ಉಣ್ಣೆ ದಾರದಲ್ಲಿ ರಫು ಮಾಡಬಹುದು.

ಭುಜ ಸರಿಯಿಲ್ಲದಿದ್ದರೆ ಉಳಿದದ್ದು ನೋಡಲೇಬೇಡಿ. ತೋಳಿನ ಉದ್ದ, ಅಂಚು, ಗುಂಡಿ ಎಲ್ಲವನ್ನೂ ಟೈಲರ್ ಸರಿಮಾಡಬಲ್ಲ. ಭುಜ ಬಿಚ್ಚಿದರೆ ಕಾಲರು, ತೋಳು, ಲೈನಿಂಗ್ ಎಲ್ಲವನ್ನೂ ಬಿಚ್ಚಿದಂತೆ, ಕೂಲಿ ಕೋಟಿನ ಬೆಲೆಯನ್ನೂ ಮೀರುತ್ತದೆ. ಹಾಕಿಕೊಂಡು, ಬಸ್ಸಿನ ಕಂಬಿ ಹಿಡಿದವರಂತೆ ಕೈ ಎತ್ತಿ ನೋಡಿ. ಇಡೀ ಕೋಟು ಕೈಯ ಜೊತೆಗೇ ಮೇಲೆದ್ದರೆ ಕಂಕುಳು ಬಿಗಿ. 80ರ ದಶಕದ ಭುಜದ ಪ್ಯಾಡನ್ನು ಕಿತ್ತೆಸೆದರಾಯಿತು ಎಂದುಕೊಳ್ಳುವವರಿದ್ದಾರೆ. ಅದಕ್ಕೆಂದೇ ಕತ್ತರಿಸಿದ ತೋಳು ಪ್ಯಾಡಿಲ್ಲದೆ ಜೋತು ಬೀಳುತ್ತದೆ.

ಕೊನೆಗೆ ವಾಸನೆ. ನುಸಿಗುಳಿಗೆಯದಾದರೆ ಕೆಲವು ವಾರ ಗಾಳಿಗೆ ಹಾಕಿದರೆ ಇಳಿಯುತ್ತದೆ. ಬೆವರಿನದಾದರೆ ವೋಡ್ಕಾಗೆ ಅಷ್ಟೇ ನೀರು ಬೆರೆಸಿ, ಲೈನಿಂಗ್ ಮೇಲೆ ತೆಳುವಾಗಿ ಸಿಂಪಡಿಸಿ ಒಣಗಿಸಿ. ಒದ್ದೆ ನೆಲಮಾಳಿಗೆಯ ಬೂಸಲು ವಾಸನೆಗೆ ಮದ್ದಿಲ್ಲ. ಬಟ್ಟೆಗೆ ಹೊಡೆಯುವ ಸುವಾಸನೆಯ ಸ್ಪ್ರೇಗಳಿಗೆ ದುಡ್ಡು ಸುರಿಯಬೇಡಿ. ಎರಡು ದಿನದ ನಂತರ ಬೂಸಲು, ಮಲ್ಲಿಗೆ ಎರಡೂ ಸೇರಿ ನಾರುತ್ತವೆ.

ಮನೆಗೆ ತಂದ ಮೇಲೆ

ನೇರ ಕಪಾಟಿಗೆ ಸೇರಿಸಿದರೆ ಉಳಿದ ಬಟ್ಟೆಗೂ ನುಸಿ ಹತ್ತೀತು. ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ನೀರು ಕೂರುತ್ತದೆ. ‘ಹೊರಗೇ ಮೈನಸ್ 15 ಇದೆಯಲ್ಲ, ಬಾಲ್ಕನಿಗೆ ತೂಗಿದರಾಯಿತು’ ಎಂಬ ಅಡ್ಡದಾರಿ ನಂಬುವಂಥದ್ದಲ್ಲ. ಹಗಲ ಬಿಸಿಲಿಗೆ ಕೋಟು ಬೆಚ್ಚಗಾಗುತ್ತದೆ, ಹುಳು ಬದುಕಿಕೊಳ್ಳುತ್ತದೆ. ಫ್ರೀಜರಿನಲ್ಲಿ ಹಿಡಿಸದ ಉದ್ದ ಕೋಟನ್ನು ಡ್ರೈಕ್ಲೀನಿಗೆ ಕೊಡಿ. ಹತ್ತಿ ಬಟ್ಟೆಯನ್ನು ಡ್ರೈಯರಿನ ಅತಿ ಬಿಸಿಯಲ್ಲಿ 30 ನಿಮಿಷ ತಿರುಗಿಸಿದರೆ ತಿಗಣೆಯ ಭಯವಿಲ್ಲ. ಉಣ್ಣೆ ಸ್ವೆಟರನ್ನು ಹಾಗೆ ಮಾಡಿದರೆ ಮಗುವಿನ ಅಳತೆಗೆ ಕುಗ್ಗಿ ಹೊರಬರುತ್ತದೆ.

ಒಳಗಿನವು

ಮೈಗೆ ತಾಗುವ ಥರ್ಮಲ್ ಹೊಸದೇ ಇರಲಿ. ಮೆರಿನೊ ಕುರಿಯ ನಯವಾದ ಉಣ್ಣೆ ಅಥವಾ ಪಾಲಿಯೆಸ್ಟರ್ ಸಾಕು, ಹತ್ತಿ ಬೇಡ. ಹತ್ತಿ ಬೆವರಿಗೆ ಒದ್ದೆಯಾಗಿ ಮೈಯನ್ನೇ ತಣ್ಣಗಾಗಿಸುತ್ತದೆ. ಅದರ ಮೇಲೆ ಥ್ರಿಫ್ಟ್ ಸ್ವೆಟರ್. ಲೇಬಲ್ ಇಲ್ಲದ್ದಾದರೆ ಮನೆಯಲ್ಲಿ ಒಳಹೊಲಿಗೆಯಿಂದ ಒಂದೆಳೆ ಕಿತ್ತು, ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. 70ರ ದಶಕದ ಬೆಲ್‌ಬಾಟಮ್ ಹಿಮಕ್ಕಲ್ಲ. ಅದರ ಅಂಚು ರಸ್ತೆಯ ಉಪ್ಪು ಕರಗಿದ ಕೆಸರನ್ನು ಮೊಣಕಾಲಿನವರೆಗೂ ಹೀರುತ್ತದೆ.

ಬೂಟು ಮಾತ್ರ ಹಳೆಯದು ಬೇಡ. ಪಾಲಿಯುರೆಥೇನ್ ಅಟ್ಟೆ ವರ್ಷಗಟ್ಟಲೆ ಸುಮ್ಮನಿದ್ದರೂ ಗಾಳಿಯ ತೇವಕ್ಕೇ ಶಿಥಿಲವಾಗುತ್ತದೆ. ಅಂಗಡಿಯಲ್ಲಿ ಗಟ್ಟಿಯಾಗಿ ಕಂಡದ್ದು ಹಿಮದಲ್ಲಿ ನಾಲ್ಕು ಹೆಜ್ಜೆಗೆ ಬೆಲ್ಲದಂತೆ ಪುಡಿಯಾಗಿ ಉದುರೀತು.

ಕೋಟು ಚೌಕಳಿಯಾದರೆ ಮಫ್ಲರ್, ಟೋಪಿ ಒಂದೇ ಬಣ್ಣದವಿರಲಿ. ತಲೆಯಿಂದ ಕಾಲಿನವರೆಗೆ ಒಂದೇ ದಶಕದ್ದನ್ನು ತೊಟ್ಟರೆ ನಾಟಕಕ್ಕೆ ಹೊರಟಂತಿರುತ್ತದೆ. ಸಂಕ್ರಾಂತಿಗೆ ಕನ್ನಡ ಕೂಟಕ್ಕೆ ಸೀರೆಯುಟ್ಟು ಹೋಗುವವರು ಬೆಲ್ಟಿಲ್ಲದ, ಮೊಣಕಾಲು ದಾಟುವ ಕೋಟು ಆರಿಸಿ. ಸೆರಗು ಒಳಗೆ ಮಡಚಿಕೊಳ್ಳಲು ಜಾಗ ಬೇಕು. ಲಂಗದ ಬದಲು ಒಳಗೆ ದಪ್ಪ ಲೆಗಿಂಗ್ಸ್, ಕಾಲಿಗೆ ಬೂಟು, ಚಪ್ಪಲಿ ಚೀಲದಲ್ಲಿ.

ಹೊರಗೆ ಮೈನಸ್ 10 ಇದ್ದಾಗ ಬೀಳುವ ಪುಡಿಹಿಮ ಉಣ್ಣೆಗೆ ಲೆಕ್ಕಕ್ಕಿಲ್ಲ, ಬಾಗಿಲ ಹೊರಗೇ ಕೊಡವಿದರೆ ಉದುರುತ್ತದೆ. ಕಷ್ಟ ಕೊಡುವುದು ಸೊನ್ನೆಯ ಆಸುಪಾಸಿನ ಒದ್ದೆ ಹಿಮ. ಅಂಥ ದಿನ ಮೇಲೊಂದು ಮಳೆಜಾಕೆಟ್ ಹಾಕಿ, ಇಲ್ಲವೇ ಕೋಟನ್ನು ಮನೆಯಲ್ಲೇ ಬಿಡಿ. ಆದರೂ ನೆನೆದರೆ ಹೀಟರಿನಿಂದ ದೂರ, ಅಗಲ ಭುಜದ ಮರದ ಹ್ಯಾಂಗರಿಗೆ ತೂಗಿ, ಪೂರ್ತಿ ಒಣಗಿದ ಮೇಲೆ ಬ್ರಷ್ ಹಾಕಿ. ತಂತಿ ಹ್ಯಾಂಗರಿಗೆ ಒದ್ದೆ ಕೋಟು ತೂಗಿದರೆ ಬೆಳಗಾಗುವಷ್ಟರಲ್ಲಿ ಭುಜದ ಮೇಲೆ ಎರಡು ಕೊಂಬು ಮೂಡಿರುತ್ತವೆ.