ಮೊದಲು ಕನ್ನಡಿ, ಆಮೇಲೆ ಹಲ್ಲು

ಕೊಡಗಿನ ಸೋಮವಾರಪೇಟೆಯಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್ ಇದೆ. ಒಂದು ಕುರ್ಚಿ, ಒಬ್ಬಳು ಸಹಾಯಕಿ, ರಸ್ತೆ ಕಡೆಗೆ ಒಂದು ಕಿಟಕಿ. ಕಿಟಕಿಯ ವಿಷಯ ಆಮೇಲೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಅವಳ ಅಮ್ಮ ಕರೆದುಕೊಂಡು ಬಂದರು. ಮೇಲಿನ ಸಾಲಿನಲ್ಲಿ ನಡುವಿನ ಎರಡು ದೊಡ್ಡ ಹಲ್ಲಿನ ಅಕ್ಕಪಕ್ಕದವುಗಳಲ್ಲಿ ಬಲಗಡೆಯದು ಸರಿಯಾಗಿತ್ತು. ಎಡಗಡೆಯದು ಸಣ್ಣಗೆ, ಗೂಟದ ಹಾಗೆ ಚೂಪಾಗಿತ್ತು. ನಾವು ಪೆಗ್ ಲ್ಯಾಟರಲ್ ಅನ್ನೋದು ಇದನ್ನೇ. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಸಣ್ಣದಾಗಿ ಉಳಿದುಬಿಟ್ಟಿರುತ್ತದೆ. "ಅಕ್ಕನ ಮದುವೆ ಇದೆ ಡಾಕ್ಟ್ರೆ, ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು" ಅಂದರು ಅಮ್ಮ. ಹುಡುಗಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವತ್ತೇ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಮೆತ್ತುವ ವಸ್ತು, ಹಚ್ಚಿ, ಬಲಗಡೆ ಹಲ್ಲಿನ ಅಳತೆಗೆ ತಂದು ಕಳಿಸಿದೆ. ಕೆಲಸ ಚೆನ್ನಾಗೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮದುವೆ ಮುಗಿದ ಮೇಲೆ ಅಮ್ಮ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಒಂದರಲ್ಲೂ ಹುಡುಗಿಯ ತುಟಿ ಬಿಚ್ಚಿಲ್ಲ. ಆಗ ಅವಳ ಕೈಗೆ ಕನ್ನಡಿ ಕೊಟ್ಟೆ. ಅವಳು ಬೆರಳಿಟ್ಟಿದ್ದು ನಾನು ಕಟ್ಟಿದ ಹಲ್ಲಿನ ಮೇಲಲ್ಲ. ನಡುವಿನ ದೊಡ್ಡ ಹಲ್ಲಿನ ಮೇಲೆ ಉದ್ದಿನಕಾಳಿನಷ್ಟು ಒಂದು ಕಂದು ಮಚ್ಚೆ ಇತ್ತು, ಅದರ ಮೇಲೆ. "ನೀನು ಹಲ್ಲುಜ್ಜಲ್ವಾ ಅಂತ ಕೇಳ್ತಾರೆ ಮೇಡಂ" ಅಂದಳು. ಗೂಟದ ಹಲ್ಲಿನ ಬಗ್ಗೆ ಅವಳಿಗೆ ತಲೆಬಿಸಿಯೇ ಇರಲಿಲ್ಲ. ಅಪ್ಪನಿಗೂ ಹಾಗೇ ಇದೆಯಂತೆ. ಇದು ಮನೆತನದಲ್ಲಿ ಬರುವಂಥದ್ದು, ಅಪ್ಪನಲ್ಲೋ ಅತ್ತೆಯಲ್ಲೋ ಎಷ್ಟೋ ಸಲ ಕಾಣಿಸುತ್ತದೆ.

ಮಚ್ಚೆಗೂ ಹಲ್ಲುಜ್ಜುವುದಕ್ಕೂ ಸಂಬಂಧ ಇರಲಿಲ್ಲ. ನಡುವಿನ ಆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕಟ್ಟಲು ಶುರುವಾಗುವುದು ಮಗುವಿಗೆ 3–4 ತಿಂಗಳಾದಾಗ. ಮುಗಿಯುವಾಗ 4–5 ವರ್ಷ ಆಗಿರುತ್ತದೆ. ಆ ನಡುವೆ ಏನಾದರೂ ಏರುಪೇರಾದರೆ ಅಷ್ಟು ಜಾಗದ ಎನಾಮಲ್ ಗಟ್ಟಿಯಾಗುವುದಿಲ್ಲ. ಜ್ವರ, ಕಾಯಿಲೆ ಇದಕ್ಕೆ ಜೊತೆಯಾಗಿರಬಹುದು, ಆದರೆ ಇಂಥದ್ದೇ ಕಾರಣ ಅಂತ ಒಂದನ್ನು ತೋರಿಸಲು ಆಗುವುದಿಲ್ಲ. ಅಮ್ಮಂದಿರು ಕೂಡಲೇ "ಬಸುರಿಯಲ್ಲಿ ನಾನೇನೋ ತಿಂದೆ" ಅಂತ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ಬೇಡ ಅನ್ನುತ್ತೇನೆ. ಒಂದು ಮಾತ್ರ ನೋಡಿ: ಆರು ವರ್ಷದ ಹೊತ್ತಿಗೆ ಹಿಂದೆ ಬರುವ ದೊಡ್ಡ ದವಡೆ ಹಲ್ಲು ಬೆಳೆಯುವುದೂ ಅದೇ ಕಾಲದಲ್ಲಿ. ಮುಂದೆ ಇಂಥ ಮಚ್ಚೆ ಇದ್ದರೆ ಹಿಂದಿನದನ್ನೂ ತೋರಿಸಿ. ಅವೂ ಹೀಗೇ ಆಗಿದ್ದರೆ ತಣ್ಣೀರಿಗೆ ಜುಂ ಅನ್ನಬಹುದು, ಬೇಗ ಚೂರಾಗಬಹುದು. ಇವಳಿಗೂ ಹಾಗೇ ಆಗಿತ್ತು, ನಾನು ಮೊದಲ ಸಲ ಗಮನಿಸಿರಲಿಲ್ಲ. ಮಚ್ಚೆಯ ಮೇಲ್ಪದರವನ್ನು ಸ್ವಲ್ಪ ಸವೆಸಿ, ತೆಳ್ಳಗೆ ಕಾಂಪೋಸಿಟ್ ಮುಚ್ಚಿದೆ. ಅಷ್ಟೇ ಬೇಕಿತ್ತು ಅವಳಿಗೆ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಹದಿಹರೆಯದ ಮಕ್ಕಳು ಬಂದರೆ ಅಪ್ಪ-ಅಮ್ಮನನ್ನು ಹತ್ತು ನಿಮಿಷ ಹೊರಗೆ ಕೂರಿಸುತ್ತೇನೆ, ಸಹಾಯಕಿ ಒಳಗೇ ಇರುತ್ತಾಳೆ. ಕನ್ನಡಿ ಕೊಟ್ಟು "ಮೊದಲು ನಿನ್ನ ಕಣ್ಣಿಗೆ ಬೀಳೋದು ಏನು?" ಅಂತ ಕೇಳಿ ಸುಮ್ಮನಾಗುತ್ತೇನೆ. ಸುಮ್ಮನಿರುವುದೇ ಕಷ್ಟ. ಹಲ್ಲಿನ ದೋಷ ಎಷ್ಟು ದೊಡ್ಡದೋ ಮಗುವಿನ ನೋವು ಅಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಎರಡಕ್ಕೂ ತಾಳೆಯೇ ಇಲ್ಲ.

ಆಮೇಲೆ ಇನ್ನೊಂದು ಉಪಾಯ. ಹಿಡಿತಕ್ಕೆ ಹಚ್ಚುವ ಆಸಿಡ್ ಹಚ್ಚದೆ, ಅಂಟು ಹಾಕದೆ, ಹಲ್ಲಿನ ಮೇಲೆ ಸುಮ್ನೆ ಕಾಂಪೋಸಿಟ್ ಮೆತ್ತಿ, ಗಟ್ಟಿಯಾಗಲು ಲೈಟ್ ಹಿಡಿಯುತ್ತೇನೆ. ಹಲ್ಲು ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ. ಬೇಡ ಅಂದರೆ ಚೂಪು ಕಡ್ಡಿಯಿಂದ ಎಬ್ಬಿಸಿದರೆ ಕಿತ್ತು ಬರುತ್ತದೆ, ಹಲ್ಲಿಗೆ ಏನೂ ಆಗುವುದಿಲ್ಲ. ಪಿಯುಸಿ ಹುಡುಗನೊಬ್ಬನಿಗೆ ಎರಡೂ ಕಡೆ ಗೂಟದ ಹಲ್ಲು. ಹಾಗೆ ಮಾಡಿ ತೋರಿಸಿದೆ. ಕನ್ನಡಿಯನ್ನು ಹತ್ತಿರ ಹಿಡಿದ, ದೂರ ಹಿಡಿದ. "ಬೇರೆ ಯಾರೋ ಥರ ಕಾಣ್ತೀನಿ ಮೇಡಂ, ತೆಗೀರಿ" ಅಂದ. ತೆಗೆದೆ.

ಈಗ ಕಿಟಕಿ. ಜುಲೈ–ಆಗಸ್ಟಿನ ಕಕ್ಕಡದ ಮಳೆಯಲ್ಲಿ ನಮ್ಮೂರಲ್ಲಿ ಮಧ್ಯಾಹ್ನವೂ ಮಬ್ಬು. ಒಮ್ಮೆ ಟ್ಯೂಬ್‌ಲೈಟಿನಲ್ಲಿ ಬಣ್ಣ ಹೊಂದಿಸಿ ಒಬ್ಬಳಿಗೆ ಹಲ್ಲು ಕಟ್ಟಿದೆ. ಅಲ್ಲಿ ನೋಡಿದರೆ ಏನೂ ವ್ಯತ್ಯಾಸ ಇರಲಿಲ್ಲ. ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ಬಿಸಿಲು ಬಂತು, ಹಲ್ಲು ಬೂದು ಹೊಡೆಯಿತು. ಮತ್ತೆ ಕಿತ್ತು ಮಾಡಿಕೊಟ್ಟೆ, ದುಡ್ಡು ಕೇಳಲಿಲ್ಲ. ಈಗ ಬಣ್ಣ ನೋಡುವುದು ಕಿಟಕಿ ಹತ್ತಿರ, ಬಾಯಿ ಒದ್ದೆ ಇರುವಾಗ, ಎಲ್ಲಕ್ಕಿಂತ ಮೊದಲು. ಹತ್ತಿ ಇಟ್ಟು ಒಣಗಿಸಿದರೆ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಮೋಸ ಹೋಗುತ್ತೇವೆ. ಮಳೆ ಬಿಡದಿದ್ದರೆ ಇನ್ನೊಂದು ದಿನ ಬನ್ನಿ ಅನ್ನುತ್ತೇನೆ. ದೂರದ ತೋಟದಿಂದ ಬಸ್ ಹತ್ತಿ ಬಂದವರಿಗೆ ಸಿಟ್ಟು ಬರುತ್ತದೆ. ಬರಲಿ.

ಗೂಟದ ಹಲ್ಲಿನ ಜಾಗದಲ್ಲಿ ಹಲ್ಲೇ ಹುಟ್ಟದ ಮಕ್ಕಳೂ ಬರುತ್ತಾರೆ. ಅಪ್ಪಂದಿರು ನೇರವಾಗಿ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ತಿರುಪು ಕೂರಿಸಿ ಕಟ್ಟುವ ಹಲ್ಲು, ಕೇಳುತ್ತಾರೆ. ಹದಿನೈದಕ್ಕೆ ಅದು ಆಗುವುದಿಲ್ಲ. ದವಡೆ ಇನ್ನೂ ಬೆಳೆಯುತ್ತಿರುತ್ತದೆ, ಪಕ್ಕದ ಹಲ್ಲುಗಳು ಅದರ ಜೊತೆ ಇಳಿಯುತ್ತವೆ, ಇಂಪ್ಲಾಂಟ್ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಕೆಲವು ವರ್ಷದಲ್ಲಿ ಗಿಡ್ಡವಾಗಿ ಕಾಣುತ್ತದೆ. ಬೆಳವಣಿಗೆ ನಿಲ್ಲುವವರೆಗೆ ಹಿಂದಿನಿಂದ ಅಂಟಿಸುವ ಹಲ್ಲೋ, ಕ್ಲಿಪ್ಪಿನ ಹಲ್ಲೋ ಕೊಡುತ್ತೇನೆ.

ಮಚ್ಚೆಯ ಹುಡುಗಿ ಹೋದ ವರ್ಷ ಬಂದಿದ್ದಳು. ನಾನು ಕಟ್ಟಿದ ಗೂಟದ ಹಲ್ಲಿನ ಮೂಲೆ ಮುರಿದಿತ್ತು. ಶಾಂಪೂ ಪ್ಯಾಕೆಟ್ ಹಲ್ಲಲ್ಲಿ ಹರಿದಳಂತೆ. ಸರಿ ಮಾಡಲಾ ಅಂತ ಕೇಳಿದ್ದಕ್ಕೆ, "ಮುಂದಿನ ವಾರ ಬರ್ತೀನಿ, ಈಗ ಬಸ್ಸಿಗೆ ಹೊತ್ತಾಯ್ತು" ಅಂದಳು. ಎರಡು ತಿಂಗಳಾದ ಮೇಲೆ ಬಂದಳು.