ಪೇಮೆಂಟ್‌ಗೊಂದು ಪುಟ, ಆರ್ಡರ್‌ಗೊಂದು ಪುಟ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಆರ್ಡರ್, ಬಿಲ್ಲು, ಡಿಸ್ಪ್ಯಾಚ್ ನೋಡಿಕೊಳ್ಳುವುದು ನನ್ನ ಕೆಲಸ. ಹೊರ ರಾಜ್ಯದ ಪಾರ್ಟಿಗಳ ಜೊತೆ ವ್ಯವಹಾರ ಜಾಸ್ತಿ ಮೇಲ್‌ನಲ್ಲೇ, ಅದೂ ಇಂಗ್ಲಿಷ್‌ನಲ್ಲಿ. ವ್ಯಾಕರಣ ಹೇಗೋ ಹಿಡಿತಕ್ಕೆ ಬಂತು. ಯಾವ ಪದಕ್ಕೆ ಯಾವ ಪದ ಜೊತೆ ಅನ್ನುವುದೇ ಕಷ್ಟ. ನಮಗೆ 'ಮಾಡು' ಒಂದಿದ್ದರೆ ಸಾಕು, ನಿರ್ಧಾರ ಮಾಡುತ್ತೇವೆ, ಕೆಲಸ ಮಾಡುತ್ತೇವೆ, ಆರ್ಡರ್ ಮಾಡುತ್ತೇವೆ. ಅಲ್ಲಿ ಡಿಸಿಷನ್‌ಗೆ ಮೇಕ್, ವರ್ಕ್‌ಗೆ ಡೂ, ಆರ್ಡರ್‌ಗೆ ಪ್ಲೇಸ್. ಮಳೆ ಜೋರಾದರೆ ಹೆವಿ ರೇನ್, ಗಾಳಿ ಜೋರಾದರೆ ಸ್ಟ್ರಾಂಗ್ ವಿಂಡ್. ಹೀಗೆ ಪದಗಳು ಬಳಕೆಯಲ್ಲಿ ಜೊತೆಯಾಗಿ ಬರುವುದಕ್ಕೆ ಕಾಲೊಕೇಶನ್ ಅನ್ನುತ್ತಾರೆ. ಯಾಕೆ ಹೀಗೆ ಅಂತ ನಿಯಮ ಹುಡುಕುತ್ತಾ ಕೂರಬೇಡಿ, ಬಳಕೆ ಹಾಗಿದೆ ಅಷ್ಟೆ.

ನಾನು ಒಂದು ನೋಟ್‌ಬುಕ್ ಇಟ್ಟು, ಒಂದೊಂದು ನಾಮಪದಕ್ಕೆ ಒಂದೊಂದು ಪುಟ ಕೊಟ್ಟೆ. ಮೇಕ್‌ಗೆ ಒಂದು ಪುಟ, ಟೇಕ್‌ಗೆ ಒಂದು ಪುಟ ಅಂತ ಕಲಿಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಮೇಲ್ ಬರೆಯಲು ಕೂತಾಗ ತಲೆಗೆ ಮೊದಲು ಬರುವುದು ಪೇಮೆಂಟ್, ಅದರ ಜೊತೆ ಏನು ಹಾಕಬೇಕು ಅಂತ ಆಮೇಲೆ ತಡಕಾಡುತ್ತೇವೆ, ಅಲ್ವಾ? ಹಾಗಾಗಿ ಪೇಮೆಂಟ್ ಪುಟದಲ್ಲಿ ಮೇಕ್, ರಿಸೀವ್, ರಿಲೀಸ್, ಡಿಲೇ, ಅದರ ಕೆಳಗೆ ಅಡ್ವಾನ್ಸ್ ಪೇಮೆಂಟ್, ಪಾರ್ಟ್ ಪೇಮೆಂಟ್. ಆರ್ಡರ್ ಪುಟದಲ್ಲಿ ಪ್ಲೇಸ್, ಕನ್ಫರ್ಮ್, ಕ್ಯಾನ್ಸಲ್, ಬಲ್ಕ್ ಆರ್ಡರ್, ರಿಪೀಟ್ ಆರ್ಡರ್. ಡೆಡ್‌ಲೈನ್‌ಗೆ ಮೀಟ್, ಮಿಸ್, ಎಕ್ಸ್‌ಟೆಂಡ್.

ಪ್ರತಿ ಜೋಡಿಗೂ ನಮ್ಮ ಕೆಲಸದ್ದೇ ಒಂದು ವಾಕ್ಯ ಬರೆಯಬೇಕು. 'ವಿ ವಿಲ್ ಮೀಟ್ ದಿ ಡೆಡ್‌ಲೈನ್, ಬಟ್ ಪ್ಲೀಸ್ ರಿಲೀಸ್ ದಿ ಪೇಮೆಂಟ್' ಅಂತ ಒಮ್ಮೆ ನಿಜವಾಗಿ ಕಳಿಸಿದ ವಾಕ್ಯ ಮರೆಯುವುದೇ ಇಲ್ಲ. ಪಟ್ಟಿ ಸುಮ್ನೆ ಬಾಯಿಪಾಠ ಮಾಡಿದರೆ ವಾರದಲ್ಲಿ ಹೋಗುತ್ತದೆ. ಮಧ್ಯಾಹ್ನ ಕರೆಂಟ್ ಹೋಗಿ ಮಷಿನ್ ನಿಂತಾಗ ಪುಟದಲ್ಲಿ ಕ್ರಿಯಾಪದ ಇರುವ ಕಡೆ ಕೈಯಿಂದ ಮುಚ್ಚಿ, ನಾಮಪದ ನೋಡಿ, ಇಡೀ ವಾಕ್ಯ ಜೋರಾಗಿ ಹೇಳುತ್ತಿದ್ದೆ. ಜೋರಾಗಿ ಹೇಳುವುದು ಮುಖ್ಯ, ಫೋನ್‌ನಲ್ಲಿ ತಾನಾಗಿ ಬಾಯಿಗೆ ಬರುವುದು ಅದರಿಂದಲೇ.

ಜೋಡಿಗಳು ಎಲ್ಲಿ ಸಿಗುತ್ತವೆ? ಇಂಗ್ಲಿಷ್ ಚೆನ್ನಾಗಿ ಬರೆಯುವ ಪಾರ್ಟಿಗಳ ಮೇಲ್‌ಗಳಲ್ಲೇ ಬೇಕಾದಷ್ಟಿವೆ. ಅನುಮಾನ ಬಂದರೆ ನಿಘಂಟು. ಆಕ್ಸ್‌ಫರ್ಡ್‌ನವರು 2002ರಲ್ಲಿ ಕಾಲೊಕೇಶನ್‌ಗೆ ಅಂತಲೇ ಒಂದು ನಿಘಂಟು ತಂದರು, ನಾಮಪದ ತೆಗೆದರೆ ಜೊತೆಗೆ ಬರುವ ಕ್ರಿಯಾಪದ, ಗುಣವಾಚಕ ಎಲ್ಲಾ ಗುಂಪು ಗುಂಪಾಗಿ ಸಿಗುತ್ತವೆ. ಎಲ್ಲವನ್ನೂ ಇಳಿಸಿಕೊಳ್ಳಬೇಡಿ, ಈ ವಾರ ಬಳಸುವುದನ್ನು ಮಾತ್ರ ತಗೊಳ್ಳಿ. ಯಾವ ಪದಕ್ಕೆ ಜೊತೆ ಬೇಡ ಅನ್ನುವುದನ್ನೂ ಬರೆದಿಡಿ. ಡಿಸ್ಕಸ್ ಆದಮೇಲೆ ಅಬೌಟ್ ಬೇಡ, 'ಡಿಸ್ಕಸ್ ದಿ ರೇಟ್' ಅಂದರೆ ಮುಗೀತು.

ಈಗ ತುಂಬಿಸುತ್ತಿರುವುದು ಕಲರ್ ಪುಟ. ಬಿಸಿಲಿಗೆ ಮಾಸಿದರೆ ಕಲರ್ ಫೇಡ್ಸ್, ಒಗೆದಾಗ ಬಣ್ಣ ಬಿಟ್ಟರೆ ಕಲರ್ ಬ್ಲೀಡ್ಸ್ ಅಥವಾ ಕಲರ್ ರನ್ಸ್. ಜೀನ್ಸ್ ಮಾರುವವರಿಗೆ ಈ ಪುಟ ಬೇಕೇ ಬೇಕು.